ಗೋಡೆಯ ಮೇಲಿನ ದೊಡ್ಡಮ್ಮ

ಬೆಳಿಗ್ಗೆ ಬಂದು ನೋಡಿದರೆ ಹುಡುಗಿಯ ಮುಖ ಬೆಳ್ಳಗಾಗಿತ್ತು.

ನಿನ್ನೆಯಷ್ಟೇ ಗೋಡೆಯ ಮೇಲೆ ಕೈಯಾರೆ ಬಳಿದಿದ್ದ ಕಪ್ಪು ಹಣೆ, ಕೆನ್ನೆ, ಗಲ್ಲ... ಎಲ್ಲದರ ಮೇಲೂ ಬಿಳಿ ಪುಡಿ. ಅದರ ಮುಂದೆ ಒಬ್ಬ ಬಿಳಿಯ ಗಂಡಸು ನಿಂತಿದ್ದ. ಅವನ ಬೆರಳಿಗೂ ಅದೇ ಪುಡಿ ಅಂಟಿತ್ತು.

ಚಿತ್ರಗಾರ್ತಿ ಕುಂಚದ ಚೀಲ ಕೆಳಗಿಟ್ಟು ಅವನತ್ತ ನಡೆದಳು.

"ಯಾರು ನೀವು? ಅವಳ ಮುಖಕ್ಕೆ ಏನು ಬಳಿದ್ರಿ?"

"ನಾನು ಗಾರೆಯವನು. ಕೊಳದ ರಿಪೇರಿಗೆ ಬಂದಿದ್ದೀನಿ. ಏನೂ ಬಳಿದಿಲ್ಲ." ಅವನು ಬೆರಳನ್ನು ನಾಲಿಗೆಗೆ ತಾಗಿಸಿದ. "ಉಪ್ಪು. ಗೋಡೆ ಒಳಗೆಲ್ಲೋ ನೀರಿದೆ, ಅದು ಉಪ್ಪನ್ನ ಹೊರಗೆ ತಳ್ತಿದೆ. ನಂಬಿಕೆ ಇಲ್ಲಾಂದ್ರೆ ನೀವೂ ನೋಡಿ."

ಅವಳೂ ನೋಡಿದಳು. ಉಪ್ಪೇ. ಆದರೆ ಅಷ್ಟುದ್ದದ ಗೋಡೆಯಲ್ಲಿ ಇಪ್ಪತ್ತು ಮಕ್ಕಳಿದ್ದರು. ಉಪ್ಪು ಹುಡುಕಿಕೊಂಡು ಬಂದದ್ದು ಈ ಒಂದು ಮುಖಕ್ಕೇ ಏಕೆ?

ಹಿಂದೆ ಆ ಈಜುಕೊಳದ ಬಾಗಿಲಲ್ಲಿ 'ಬಿಳಿಯರಿಗೆ ಮಾತ್ರ' ಎಂಬ ಫಲಕವಿತ್ತು. ಒಂದು ಬೇಸಿಗೆಯಲ್ಲಿ ಒಂಬತ್ತು ವರ್ಷದ ಕರಿಯ ಹುಡುಗಿಯೊಬ್ಬಳು ಬಂದು, ಒಳಗೆ ಬಿಡಿ ಎಂದು ಕೇಳಿದ್ದಳು. ಕಾವಲುಗಾರ ಗದರಿಸಿ ಕಳಿಸಿದ. ಅವಳು ಅಲ್ಲಿಂದ ನದಿಗೆ ಹೋದಳು. ಮನೆಗೆ ಬರಲಿಲ್ಲ.

ಆ ಹುಡುಗಿ ಚಿತ್ರಗಾರ್ತಿಯ ತಾಯಿಯ ಅಕ್ಕ.

ಎಷ್ಟೋ ವರ್ಷ ಮುಚ್ಚಿದ್ದ ಕೊಳವನ್ನು ಈಗ ಎಲ್ಲರಿಗೂ ತೆರೆಯುವುದೆಂದು ನಗರಸಭೆ ತೀರ್ಮಾನಿಸಿತ್ತು. ಎಲ್ಲ ಬಣ್ಣದ ಮಕ್ಕಳೂ ಒಂದೇ ಸಾಲಿನಲ್ಲಿ, ನೀರಿಗೆ ಕಾಲು ಇಳಿಬಿಟ್ಟು ಕೂತ ಚಿತ್ರ ಬರೆಯುವ ಕೆಲಸ ಅವಳಿಗೆ ಸಿಕ್ಕಿತ್ತು. ನಟ್ಟನಡುವೆ ಅವಳು ದೊಡ್ಡಮ್ಮನನ್ನು ಕೂರಿಸಿದಳು. ಮನೆಯಲ್ಲಿ ಒಂದು ಫೋಟೊ ಕೂಡ ಇರಲಿಲ್ಲ. ಆಗ ನಾಲ್ಕು ವರ್ಷದವಳಾಗಿದ್ದ ಅಮ್ಮನಿಗೆ ಅಕ್ಕನ ಮುಖವೇ ನೆನಪಿಲ್ಲ. ಊಹೆಯಿಂದ ಬರೆದ ಮುಖ ಅದು. ಇದನ್ನೆಲ್ಲ ಅವಳು ಗಾರೆಯವನಿಗೂ ಹೇಳಿದಳು.

ಒರೆಸಿ ಬಳಿದರೆ ಮರುದಿನ ಮತ್ತೆ ಬಿಳಿ. ಅದು ಸಾಲದೆಂಬಂತೆ, ಖಾಲಿ ಕೊಳದಲ್ಲಿ ತನ್ನ ಹೆಜ್ಜೆಯ ಹಿಂದೆ ಇನ್ನೊಂದು ಹೆಜ್ಜೆ... ಒದ್ದೆ ಕಾಲಿನ ಪಚಪಚ ಸದ್ದು.

"ನಿಮಗೂ ಕೇಳಿಸ್ತಾ?"

"ಕೇಳಿಸ್ತು," ಎಂದ ಗಾರೆಯವನು. ಕೈ ಒರೆಸಿಕೊಳ್ಳುತ್ತ, "ನನ್ನ ಸಿಮೆಂಟು ಇನ್ನೂ ಹಸಿ. ನೋಡ್ಕೊಂಡು ಓಡಾಡೋಕೆ ನಿಮ್ಮ ದೊಡ್ಡಮ್ಮನಿಗೆ ಒಂದು ಮಾತು ಹೇಳಿ," ಎಂದ.

ಅವಳಿಗೆ ನಗು ತಡೆಯಲಾಗಲಿಲ್ಲ. ಎಷ್ಟು ದಿನವಾಗಿತ್ತು ಹೀಗೆ ನಕ್ಕು!

ದಿನ ಕಳೆದಂತೆ ಅವನು ಕೈಕೆಲಸ ಬಿಟ್ಟು ಅವಳ ಕುಂಚವನ್ನೇ ನೋಡುತ್ತ ನಿಲ್ಲತೊಡಗಿದ.

"ಬಿಳಿ ಮಗುವಿಗೂ ಈ ಕಂದು ಬಣ್ಣ ಹಾಕ್ತಿದ್ದೀರಲ್ಲ?"

"ಎಲ್ಲರಿಗೂ ತಳದಲ್ಲಿ ಇದೇ ಬಣ್ಣ. ಮೇಲೆ ಬೆಳಕು ಹೆಚ್ಚುಕಮ್ಮಿ ಅಷ್ಟೇ."

ಅವನು ತನ್ನ ಕೈಯನ್ನು ಅವಳ ಕೈಯ ಪಕ್ಕ ಹಿಡಿದು ನೋಡಿದ. ಏನೋ ಹೇಳಲು ಹೊರಟವನು ಬಕೆಟ್ ಎತ್ತಿಕೊಂಡು ಕೆಲಸಕ್ಕೆ ಮರಳಿದ.

ಒಂದು ಮಧ್ಯಾಹ್ನ, ಮಗಳು ಮರೆತುಹೋದ ಕನ್ನಡಕ ಕೊಡಲು ಅಮ್ಮ ಗೇಟಿನವರೆಗೆ ಬಂದಳು. ಅದರಾಚೆ ಅವಳು ಎಂದೂ ಕಾಲಿಟ್ಟವಳಲ್ಲ. ಗಾರೆಯವನನ್ನು ಕಂಡದ್ದೇ ಮಗಳ ಕೈ ಹಿಡಿದು ಪಕ್ಕಕ್ಕೆಳೆದಳು.

"ನಾನು ದೊಡ್ಡವಳಾದ ಮೇಲೂ ಇದೇ ಬಾಗಿಲಲ್ಲಿ ನಿಂತಿರ್ತಿದ್ನಲ್ಲ, ಆ ಕಾವಲುಗಾರನ ಮಗ ಇವನು. ಅಪ್ಪನ್ನೇ ಅಚ್ಚೊತ್ತಿದ ಹಾಗಿದ್ದಾನೆ. ನಿನಗೆ ಹೇಳಲಿಲ್ವಾ?"

ಹೇಳಿರಲಿಲ್ಲ.

ರಾತ್ರಿಯಿಡೀ ಚಿತ್ರಗಾರ್ತಿಗೆ ನಿದ್ದೆ ಹತ್ತಲಿಲ್ಲ. ಬೆಳಿಗ್ಗೆ ಕೇಳಿಯೇ ಬಿಡೋಣವೆಂದು ಬಂದರೆ ಗೋಡೆಯ ನಡುವೆ ದೊಡ್ಡ ಹಳ್ಳ. ದೊಡ್ಡಮ್ಮನ ಮುಖವಿದ್ದಲ್ಲಿ ಬರೀ ಇಟ್ಟಿಗೆ. ಅವನ ಕೈಯಲ್ಲಿ ಉಳಿ, ಸುತ್ತಿಗೆ.

"ಪೈಪು ಒಡೆದಿದ್ದು ಇಲ್ಲೇ. ನಿಮ್ಮನ್ನ ಕೇಳಬೇಕಿತ್ತು, ಆದ್ರೆ ನೀರು..."

"ನಿಮ್ಮಪ್ಪ ಯಾರು ಅಂತ ಮೊದಲು ಹೇಳಿ."

ಉಳಿ ಕೆಳಗಿಳಿಯಿತು. "ದಿನಾ ಹೇಳ್ಬೇಕು ಅಂದ್ಕೊಳ್ತಿದ್ದೆ. ಹೇಳಿದ್ರೆ ನೀವು ಮಾತು ಬಿಡ್ತೀರಿ ಅಂತ ಹೆದರಿದೆ."

"ಅಪ್ಪ ಬಾಗಿಲಲ್ಲಿ ತಡೆದರು. ಮಗ ಗೋಡೆ ಮೇಲೂ ಕೂರೋಕೆ ಬಿಡಲಿಲ್ಲ."

ಕುಂಚಗಳನ್ನು ಅಲ್ಲೇ ಬಿಟ್ಟು ಹೊರಟಳು. ಮೂರು ವಾರ ಅತ್ತ ತಲೆಹಾಕಲಿಲ್ಲ. ಕಣ್ಣು ಮುಚ್ಚಿದರೆ ಸಾಕು, ಮುಖವಿಲ್ಲದ ಹುಡುಗಿಯೊಬ್ಬಳು ಬಂದು ಎದುರು ಕೂರುತ್ತಿದ್ದಳು.

ಒಂದು ಭಾನುವಾರ ಅವನೇ ಮನೆ ಬಾಗಿಲಿಗೆ ಬಂದ. ಬಾಗಿಲು ತೆರೆದದ್ದು ಅಮ್ಮ. ಚಿತ್ರಗಾರ್ತಿ ಒಳಕೋಣೆಯಲ್ಲೇ ಕಿವಿಗೊಟ್ಟು ನಿಂತಳು.

"ಗೋಡೆ ಒಣಗಿದೆ ಅಮ್ಮ, ಅಷ್ಟು ಹೇಳೋಣ ಅಂತ ಬಂದೆ. ಇನ್ನೊಂದು ಮಾತು... ನಮ್ಮಪ್ಪ ಸಾಯೋ ತನಕ ತಲೆ ಮೇಲೆ ನೀರು ಹೊಯ್ಕೊಳ್ಳಲಿಲ್ಲ. ಕಣ್ಣು ಮುಚ್ಚಿ ನೀರು ಹಾಕ್ಕೊಂಡ್ರೆ ಆ ಮಗು 'ಒಳಗೆ ಬಿಡಿ' ಅಂತ ಕೇಳುತ್ತೆ ಅಂತಿದ್ರು. ಕ್ಷಮಿಸಿ ಅಂತ ಕೇಳೋಕೆ ನನಗೆ ಬಾಯಿಲ್ಲ."

ಅಮ್ಮ ಕೇಳಿದ್ದು ಒಂದೇ ಪ್ರಶ್ನೆ.

"ಹಾಗಾದ್ರೆ... ಅವಳ ಮುಖ ನಿಮ್ಮಪ್ಪನಿಗೆ ನೆನಪಿತ್ತಾ?"

"ಇತ್ತು. ಮುಂದಿನ ಹಲ್ಲು ಒಂದು ಬಿದ್ದಿತ್ತಂತೆ. ಎಡ ಹುಬ್ಬಿನಲ್ಲಿ ಗಾಯದ ಗುರುತು. ನಗ್ತಾನೇ ಬಂದಳಂತೆ. ಹೆಗಲ ಮೇಲೆ ಹಳದಿ ಟವೆಲು, ತುಂಬಾ ಚಿಕ್ಕದು."

ಅಮ್ಮ ಬಾಗಿಲನ್ನು ಪೂರ್ತಿ ತೆರೆದಳು.

"ಅದು ನನ್ನ ಟವೆಲು. ಅಕ್ಕ ತಗೊಂಡು ಹೋದಳು ಅಂತ ಅವತ್ತು ರಂಪ ಮಾಡಿ ಅತ್ತಿದ್ದೆ..." ಐವತ್ತಾರು ವರ್ಷದ ಮೇಲೆ ಅವಳು ಮತ್ತೆ ಅತ್ತಳು. "ಒಳಗೆ ಬಾಪ್ಪ. ಕೂತ್ಕೊಂಡು ಎಲ್ಲಾ ಹೇಳು."

ಒಳಕೋಣೆಯ ಬಾಗಿಲು ತೆರೆಯಿತು. ಚಿತ್ರಗಾರ್ತಿಯ ಕೈಯಲ್ಲಿ ಪೆನ್ಸಿಲ್ ಇತ್ತು.

"ಯಾವ ಹಲ್ಲು? ಸರಿಯಾಗಿ ಹೇಳಿ."

ಹೊಸ ಗಾರೆಯ ಮೇಲೆ ದೊಡ್ಡಮ್ಮ ಹಲ್ಲು ಬಿದ್ದ ಬಾಯಿ ತೆರೆದು ನಕ್ಕಳು. ಉಪ್ಪು ಮತ್ತೆ ಬರಲಿಲ್ಲ.

"ನಮ್ಮಪ್ಪನ್ನೂ ಬರೀರಿ," ಎಂದ ಗಾರೆಯವನು. "ಬಾಗಿಲಿಗೆ ಅಡ್ಡ ನಿಂತ ಹಾಗೆ. ಅವರೇ ಅಂತ ಊರಿಗೆ ಗೊತ್ತಾಗ್ಲಿ. ಅದನ್ನ ಬಿಟ್ಟು ಬರೀ ಮಕ್ಕಳು ಕೂತಿದ್ರೆ ಚಿತ್ರ ಸುಳ್ಳಾಗುತ್ತೆ."

ಕಾವಲುಗಾರನ ಚಿತ್ರಕ್ಕೆ ಮಾದರಿಯಾಗಿ ನಿಲ್ಲಬೇಕಾದದ್ದು ಮಗನೇ. ನಾಲ್ಕು ದಿನ ಅವನು ಅಲುಗಾಡದೆ ನಿಂತ. ನಾಲ್ಕು ದಿನ ಅವಳು ಆ ಮುಖವನ್ನು ಇಂಚಿಂಚೂ ನೋಡಿದಳು. ಕೊನೆಯ ಸಂಜೆ ಅವನೇ ಮಾತೆತ್ತಿದ.

"ನೀವಂದ್ರೆ ನನಗೆ ತುಂಬಾ ಇಷ್ಟ. ಆದ್ರೆ ಕೇಳೋಕೆ ಭಯ. ನನ್ನ ಮುಖದಲ್ಲಿ ದಿನಾ ಅವರೇ ಕಾಣ್ತಾರಲ್ಲ... ಸಹಿಸ್ತೀರಾ?"

"ಅವರನ್ನ ಬರೆದು ಮುಗಿಸಿದ್ದೀನಿ. ನೀವು ಎಲ್ಲೆಲ್ಲಿ ಬೇರೆ ಅಂತ ನನಗೆ ಚೆನ್ನಾಗಿ ಗೊತ್ತು."

"ಎಲ್ಲಿ?"

ಅವಳು ಕುಂಚ ಕೆಳಗಿಟ್ಟು, ಬಣ್ಣ ಮೆತ್ತಿದ ಬೆರಳಿನಿಂದ ಅವನ ಕಣ್ಣಿನ ಕೆಳಗೆ ಮುಟ್ಟಿದಳು. "ಇಲ್ಲಿ. ಇನ್ನು ಮೇಲೆ ನನ್ನನ್ನ ನೀವು-ತಾವು ಅನ್ನಬೇಡಿ."

"ಮತ್ತೆ ನೀವು?"

"ನಾನೂ ಅನ್ನಲ್ಲ ಕಣೋ."