ಅರವತ್ತಮೂರನೆಯ ಕಂತು

ಹನ್ನೆರಡನೆಯ ಕುಚ್ಚಿನ ಗಂಟು ಬಿಗಿಯುವ ಹೊತ್ತಿಗೆ ಕಿಟಕಿಯ ಕಟ್ಟೆಯ ಮೇಲಿದ್ದ ಗಂಡನ ಮೊಬೈಲು ಎರಡು ಸಲ ಗುರುಗುಟ್ಟಿತು.

ವೀಣ ತಲೆ ಎತ್ತಲಿಲ್ಲ. ಹಲ್ಲಿನಲ್ಲಿ ದಾರ ಕಚ್ಚಿಕೊಂಡಿದ್ದಳು. ಹಲಗೆಗೆ ಬಿಗಿದಿದ್ದ ಸೆರಗು ಎದುರುಮನೆ ಸೋಮಮ್ಮನ ಸೊಸೆಯದು. ಸಂಜೆಯೊಳಗೆ ಕೊಡಲೇಬೇಕಿತ್ತು.

ಬೆಳಗ್ಗೆ ಆರರ ಪಾಳಿಗೆ ಓಡುವ ಗಡಿಬಿಡಿಯಲ್ಲಿ ಶಿವರಾಜು ಮೊಬೈಲನ್ನು ಚಾರ್ಜಿಗೆ ಹಾಕಿ ಅಲ್ಲೇ ಮರೆತು ಹೋಗಿದ್ದ. ಭಾರತೀನಗರದ ಸಕ್ಕರೆ ಕಾರ್ಖಾನೆಯಲ್ಲಿ ಕಬ್ಬಿನ ಟ್ರ್ಯಾಕ್ಟರುಗಳನ್ನು ತೂಕಕ್ಕೆ ಹತ್ತಿಸುವ ಕೆಲಸ ಅವನದು. ಕಾರ್ಖಾನೆಯಿಂದಲೇ ಏನಾದರೂ ಬಂದಿರಬಹುದೆಂದು ಗಂಟು ಮುಗಿಸಿ, ಎದ್ದು ನೋಡಿದಳು.

ಕವಿತ ಮೇಡಂ.

'೬೩ ಸಿಕ್ತು ಸರ್. ಈ ಲಿಂಕಿನಲ್ಲಿ ಇಂಗ್ಲಿಷ್ ಸಬ್‌ಟೈಟಲ್ ಸರಿಯಾಗಿದೆ. ಮೊದಲು ನೀವೊಬ್ಬರೇ ನೋಡಿ. ಮನೆಯವರಿಗೆ ಈಗಲೇ ಹೇಳಬೇಡಿ.'

ಅದರ ಕೆಳಗೆ ಇನ್ನೊಂದು.

'ನಾನೂ ಅತ್ತುಬಿಟ್ಟೆ. ನೀವು ಹೇಳಿದ್ದೇ ನೆನಪಾಗ್ತಿತ್ತು.'

ವೀಣ ಅಲ್ಲೇ ಕಿಟಕಿಯ ಕಟ್ಟೆಗೆ ಒರಗಿದಳು.

ಮನೆಯವರು ಅಂದರೆ ನಾನು... ನನಗೆ ಹೇಳಬಾರದ್ದು ಏನು? ಯಾರಿವಳು? ಇವಳು ಅತ್ತರೆ ನನ್ನ ಗಂಡ ಏಕೆ ನೆನಪಾಗಬೇಕು?

ಅರವತ್ತಮೂರು ಎಂದರೇನೆಂದು ಮಾತ್ರ ಅವಳಿಗೆ ಚೆನ್ನಾಗಿ ಗೊತ್ತಿತ್ತು. ಟರ್ಕಿ ಸೀರಿಯಲ್ಲಿನ ಕಂತು. ಗಂಡ ಹೆಂಡತಿ ಜೊತೆಯಾಗಿ ನೋಡುತ್ತ ಬಂದದ್ದು ಐವತ್ತರವರೆಗೆ. ಇವತ್ತು ಮಧ್ಯಾಹ್ನ ಐವತ್ತೊಂದು.

ಆ ಸೀರಿಯಲ್ಲು ಅವರ ಮನೆಗೆ ಬಂದದ್ದಕ್ಕೂ ಒಂದು ಕಾರಣವಿತ್ತು. ನಾಲ್ಕು ವರ್ಷದ ಹಿಂದೆ ಮಂಡ್ಯದ ಆಸ್ಪತ್ರೆಯಿಂದ ವೀಣ ಬರಿಗೈಯಲ್ಲಿ ಮನೆಗೆ ಬಂದಿದ್ದಳು. ಹೊಟ್ಟೆಯಲ್ಲಿದ್ದ ಮಗುವಿಗೆ ಏಳು ತಿಂಗಳಾಗಿತ್ತು. ಅಲ್ಲಿಂದಾಚೆಗೆ ಅವಳು ಅಳಲೂ ಇಲ್ಲ, ಆ ಮಾತು ಎತ್ತಲೂ ಇಲ್ಲ. ಟೀವಿ ಹಾಕಿದರೆ ಯಾವ ಕನ್ನಡ ಸೀರಿಯಲ್ಲಿನಲ್ಲೂ ಒಂದಲ್ಲ ಒಂದು ವಾರ ಸೀಮಂತ ಬರುತ್ತಿತ್ತು. ಹಸಿರು ಬಳೆ ಕಂಡ ಕೂಡಲೇ ಅವಳು ಎದ್ದು ಹೋಗುತ್ತಿದ್ದಳು. ಕೊನೆಗೆ ಟೀವಿಯನ್ನೇ ಬಿಟ್ಟು ಕುಚ್ಚಿನ ಹಲಗೆ ಹಿಡಿದು ಕೂತಳು.

ಒಂದು ಮಧ್ಯಾಹ್ನ ಶಿವರಾಜು ಮೊಬೈಲನ್ನು ದಾರದ ಡಬ್ಬಿಗೆ ಒರಗಿಸಿ, "ಬ್ಯಾರೆ ದೇಸದ್ದು ಕಣಮ್ಮಿ, ನೋಡವಾ," ಅಂದಿದ್ದ.

"ನಂಗೆ ಟರ್ಕಿನೂ ಬರಲ್ಲ, ಕೆಳಗೆ ಬರೋ ಇಂಗ್ಲಿಷೂ ಬರಲ್ಲ. ಕಣ್ಣು ದಾರದ ಮ್ಯಾಲೆ ಇರ್ಬೇಕು ನಂಗೆ."

"ನೀ ದಾರ ನೋಡು. ನಾನ್ ಓದಿ ಯೋಳ್ತೀನಿ."

ಅವನು ಓದುತ್ತಿದ್ದ ಚಂದವೇ ಬೇರೆ. ಇಸ್ತಾಂಬುಲ್ಲಿನ ಕಡಲ ದಡದಲ್ಲಿ ಕೋಟು ಹಾಕಿ ನಿಂತ ನಾಯಕ ಅವನ ಬಾಯಲ್ಲಿ ಮದ್ದೂರು ಸಂತೆಗೆ ಬಂದವನಂತೆ ಮಾತಾಡುತ್ತಿದ್ದ. ನಾಯಕಿ ನೆರ್ಮಿನ್ ಅವನಿಗೆ, "ನಿನ್ ದೋಣಿನೂ ಬ್ಯಾಡ ನೀನೂ ಬ್ಯಾಡ, ಓಗ್ಲಾ ಅತ್ಲಾಗೆ," ಅನ್ನುತ್ತಿದ್ದಳು. ನೆರ್ಮಿನ್‌ಳ ಅತ್ತೆಗೆ ಇಬ್ಬರೂ ಸೋಮಮ್ಮ ಎಂದೇ ಹೆಸರಿಟ್ಟಿದ್ದರು. ಎಷ್ಟೋ ವರ್ಷಗಳ ಮೇಲೆ ವೀಣ ನಕ್ಕದ್ದು ಆ ಸೋಮಮ್ಮನ ದೆಸೆಯಿಂದ.

ಮೂವತ್ತೆಂಟನೆಯ ಕಂತಿಗೆ ಬರುವಷ್ಟರಲ್ಲಿ ಆ್ಯಪಿನಿಂದ ಸೀರಿಯಲ್ಲೇ ಮಾಯವಾಯಿತು. ಶಿವರಾಜು ಹುಡುಕದ ಜಾಗವಿಲ್ಲ. ಒಂದು ಕಡೆ ಹಿಂದಿಗೆ ಮಾಡಿ ತುಂಡು ತುಂಡು ಹಾಕಿದ್ದರು. ಇನ್ನೊಂದು ಕಡೆ ಇಂಗ್ಲಿಷ್ ಅಕ್ಷರ ಅರ್ಧ ನಿಮಿಷ ತಡವಾಗಿ ಬಂದು, ಸತ್ತು ಮಲಗಿದ್ದ ತಾತ 'ಟೀ ಬೇಕಾ' ಎಂದು ಕೇಳಿದ್ದ. ಆಮೇಲೆ ಇದ್ದಕ್ಕಿದ್ದಂತೆ ಒಂದು ದಿನ ಕನ್ನಡಿಯಂಥ ಚಿತ್ರ, ಸರಿಯಾದ ಅಕ್ಷರ. 'ಯಾರೋ ಯೋಳಿದ್ರು' ಅಂದಿದ್ದ.

ಆ ಯಾರೋ ಇವಳು.

ವೀಣಳ ಬೆರಳು ತಾನಾಗಿ ಸಂದೇಶ ತೆರೆಯಿತು. ಮೇಲೆಲ್ಲ ಶಿವರಾಜುವಿನ ದನಿಯ ಸಂದೇಶಗಳೇ. ಒಂದು ನಿಮಿಷದ್ದು, ಮೂರು ನಿಮಿಷದ್ದು. ಮಧ್ಯಾಹ್ನದ ಆ ದನಿ ತನ್ನೊಬ್ಬಳದೇ ಎಂದುಕೊಂಡಿದ್ದಳು... ಒಂದನ್ನೂ ಒತ್ತಿ ಕೇಳುವ ಧೈರ್ಯವಾಗಲಿಲ್ಲ. ಕವಿತಳ ಚಿತ್ರವನ್ನಷ್ಟೇ ದೊಡ್ಡದು ಮಾಡಿ ನೋಡಿದಳು. ಮೂವತ್ತು ದಾಟಿರಲಾರದು. ಕನ್ನಡಕ, ಸಾಸಿವೆ ಬಣ್ಣದ ಸೀರೆ. ಸೆರಗಿಗೆ ಕುಚ್ಚು ಕಟ್ಟಿಸಿರಲಿಲ್ಲ.

'ಅಂಚು ಕೂಡ ನೆಟ್ಟಗೆ ಹೊಲಿಸಿಲ್ಲ,' ಎಂದುಕೊಂಡಳು ವೀಣ. ಅದರಿಂದ ಹೊಟ್ಟೆಯ ಉರಿ ಒಂದಿಷ್ಟೂ ಇಳಿಯಲಿಲ್ಲ.

ಲಿಂಕನ್ನು ತನ್ನ ಮೊಬೈಲಿಗೆ ಕಳಿಸಿಕೊಂಡು, ಕಳಿಸಿದ ಗುರುತು ಅಳಿಸಿ, ಮೊಬೈಲನ್ನು ಇದ್ದ ಹಾಗೇ ಇಟ್ಟಳು.

ಎರಡೂವರೆಗೆ ಶಿವರಾಜು ಬಂದ. ಬಂದವನೇ ಮೊಬೈಲು ತೆಗೆದುಕೊಂಡು ಹಿತ್ತಿಲಿಗೆ ಹೋದ. ಮುದ್ದೆ ತಿರುವುತ್ತಿದ್ದ ವೀಣ ಬಾಗಿಲ ಸಂದಿಯಿಂದ ನೋಡಿದಳು. ನುಗ್ಗೆ ಮರದ ಬುಡದಲ್ಲಿ ನಿಂತು ಓದಿದ, ಕಣ್ಣು ಒರೆಸಿಕೊಂಡ.

ಊಟವಾಯಿತು. ಮೊಬೈಲು ದಾರದ ಡಬ್ಬಿಗೆ ಒರಗಿತು. ವೀಣ ಹಲಗೆಯ ಮೇಲೆ ಬಾಗಿದಳು.

"ನೆರ್ಮಿನ್ ವಾಂತಿ ಮಾಡ್ಕತಾವ್ಳೆ," ಅಂದ ಶಿವರಾಜು. ಮುಂದಿನ ಸಾಲು ಬಂದು ಹೋಗಲು ಬಿಟ್ಟು, "ಕಾಮಾಲೆ ಅಂತೆ," ಅಂದ.

ಮೊಬೈಲಿನಿಂದ ನಗು, ಚಪ್ಪಾಳೆ, ಖುಷಿಯ ಅಳು ಕೇಳಿಸಿತು.

"ಕಾಮಾಲೆ ಬಂದ್ರೆ ಯಾಕಂಗ್ ನಗ್ತಾವ್ರೆ?"

"ಬ್ಯಾಗ ಗೊತ್ತಾಯ್ತಲ್ಲ ಅಂತ ಕಣಮ್ಮಿ. ಅವರ ಕಡೆ ನಾಟಿ ಔಸ್ದಿ ಸಿಕ್ಕಲ್ವಂತೆ."

ಬೇರೆ ದಿನವಾಗಿದ್ದರೆ ವೀಣ ನಗುತ್ತಿದ್ದಳು.

"ಮುಂದೆ ಏನಾಗ್ತದೆ?" ದಾರದಿಂದ ಕಣ್ಣು ತೆಗೆಯದೆ ಕೇಳಿದಳು.

"ನಂಗೆಂಗ್ ಗೊತ್ತು? ನಿನ್ ಜೊತೇಲೇ ತಾನೆ ನಾನೂ ನೋಡೋದು?"

ಸೂಜಿ ಬೆರಳಿಗೆ ಚುಚ್ಚಿತು. ಹದಿನಾಲ್ಕು ವರ್ಷದ ಸಂಸಾರದಲ್ಲಿ ಅವನು ಹೇಳಿದ ಸುಳ್ಳುಗಳೆಲ್ಲ ಅವಳಿಗೆ ಗೊತ್ತಿದ್ದವು. ಬೀಡಿ ಬಿಟ್ಟೆ ಅಂದದ್ದು, ಸಾರು ಚೆನ್ನಾಗಿದೆ ಅಂದದ್ದು... ಇದು ಆ ಜಾತಿಯದಲ್ಲ. ಇದರೊಳಗೆ ಇನ್ನೊಬ್ಬಳಿದ್ದಳು.

ಮರುದಿನ ಶನಿವಾರ. ಅವನು ಪಾಳಿಗೆ ಹೋದ ಮೇಲೆ ವೀಣ ಮನೆ ಒರೆಸಿ, ಬಾಗಿಲು ಮುಂದೆ ಮಾಡಿ, ಹಲಗೆಯನ್ನು ಗೋಡೆಗೆ ಆನಿಸಿ ಕೂತಳು. ಕೈಯಲ್ಲಿ ದಾರವಿಲ್ಲದೆ ಆ ಸೀರಿಯಲ್ಲಿನ ಮುಂದೆ ಕೂತದ್ದು ಅದೇ ಮೊದಲು. ನೆರ್ಮಿನ್ ಇಷ್ಟು ಬೆಳ್ಳಗಿದ್ದಾಳೆಂದೂ ತಿಳಿದಿರಲಿಲ್ಲ.

ಅವರಿಬ್ಬರೂ ಸೇರಿ ಅಳುವಂಥದ್ದು ಇದರಲ್ಲಿ ಏನಿದೆಯೋ ನೋಡಿಯೇಬಿಡುತ್ತೇನೆ...

ಹತ್ತನೆಯ ತರಗತಿಯಲ್ಲಿ ಇಂಗ್ಲಿಷಿಗೆ ಮೂವತ್ತಾರು ಅಂಕ ತೆಗೆದವಳು. ಅಕ್ಷರ ಕೂಡಿಸಿ ಕೂಡಿಸಿ ಓದಿದಳು. ಸಾಲು ಹಾರಿಹೋದರೆ ನಿಲ್ಲಿಸಿ ಹಿಂದಕ್ಕೆ ಎಳೆದಳು. ವಿಚಿತ್ರವೆಂದರೆ ಬಹಳ ಪದಗಳು ಗುರುತಿನವೇ. ದಾರ ಬದಲಿಸುವಾಗ, ಸೂಜಿ ಪೋಣಿಸುವಾಗ ಕದ್ದು ಕಂಡ ಅಕ್ಷರಗಳು ಅವನ ದನಿಯ ಜೊತೆ ಸೇರಿ ಅವಳಿಗೆ ತಿಳಿಯದಂತೆ ಒಳಗೆ ಕೂತಿದ್ದವು. ಅಮ್ಮ, ಮನೆ, ಹೋಗು, ಕ್ಷಮಿಸು. ಇಪ್ಪತ್ತು ನಿಮಿಷ ಕಳೆಯುವಷ್ಟರಲ್ಲಿ ಬೆರಳಿಟ್ಟು ಓದುವುದು ನಿಂತಿತು.

ನೆರ್ಮಿನ್ ಆಸ್ಪತ್ರೆಯ ಮಂಚದ ಮೇಲಿದ್ದಳು. ದೋಣಿಯ ನಾಯಕ ಅವಳ ಕಾಲ ಬಳಿ ಕೂತಿದ್ದ. ಡಾಕ್ಟರು ಏನೋ ಹೇಳಿ ತಲೆ ತಗ್ಗಿಸಿದರು. ಕೆಳಗೆ ಬಂದ ಸಾಲಿನಲ್ಲಿ ಎರಡು ಪದ ಸಾಕಾಗಿತ್ತು. ಮಗು. ಇಲ್ಲ.

ನೆರ್ಮಿನ್ ಹೊಟ್ಟೆಯ ಮೇಲೆ ಕೈಯಿಟ್ಟು ಗೋಡೆಯ ಕಡೆ ತಿರುಗಿ ಮಲಗಿದಳು.

ವೀಣ ಆ ಲಿಂಕಿನಲ್ಲಿದ್ದ ಕಂತುಗಳ ಪಟ್ಟಿ ತೆರೆದಳು. ಬೆರಳು ಹಿಂದಕ್ಕೆ, ಐವತ್ತೊಂದನೆಯ ಕಂತಿಗೆ ಹೋಯಿತು. ವಾಂತಿ. ಅತ್ತೆ ಓಡಿ ಬರುತ್ತಾಳೆ, ಎಲ್ಲರೂ ತಬ್ಬಿಕೊಳ್ಳುತ್ತಾರೆ. ಕೆಳಗಿನ ಸಾಲನ್ನು ಮೂರು ಸಲ ಓದಿದಳು. ಅದರಲ್ಲಿ ಕಾಮಾಲೆ ಎಲ್ಲಿಯೂ ಇರಲಿಲ್ಲ.

ಆಗ ವೀಣ ಅತ್ತಳು. ನಾಲ್ಕು ವರ್ಷದಿಂದ ಎಲ್ಲಿ ನಿಂತಿತ್ತೋ ಏನೋ, ಸೆರಗು ಬಾಯಿಗೆ ತುರುಕಿಕೊಂಡರೂ ನಿಲ್ಲದಂತೆ ಬಂತು. ಅಡುಗೆಮನೆಯಲ್ಲಿ ಕುಕ್ಕರು ಕೂಗಿ ಕೂಗಿ ಸಾಕಾಯಿತು.

ಶಿವರಾಜು ಬರುವಷ್ಟರಲ್ಲಿ ಮುಖ ತೊಳೆದು, ಕುಂಕುಮ ಇಟ್ಟುಕೊಂಡಿದ್ದಳು. ಅವನು ಸ್ನಾನಕ್ಕೆ ಹೋದ. ಮೊಬೈಲು ಶರಟಿನ ಜೇಬಿನಲ್ಲಿತ್ತು.

ನಿನ್ನೆ ಇಲ್ಲದ ಧೈರ್ಯ ಇವತ್ತು ಬಂತು. ಮೂರು ನಿಮಿಷದ ದನಿಯನ್ನು ಒತ್ತಿ ಕಿವಿಗೆ ಆನಿಸಿಕೊಂಡಳು. ಹಿಂದೆ ಟ್ರ್ಯಾಕ್ಟರು ಗುಡುಗುತ್ತಿತ್ತು.

"ಮೇಡಂ, ಒಂದ್ ಮಾತು ಕೇಳ್ತೀನಿ, ನಗ್ಬ್ಯಾಡಿ. ಮುಂದೆ ಆ ಮಗು ಓಯ್ತದೆ ಅಂದ್ರಲ್ಲ... ಬ್ಯಾರೆ ಆ್ಯಪಲ್ಲಿ ಕತೆ ಬ್ಯಾರೆ ಇರ್ತದಾ? ಮಗು ಬದುಕಿರೋ ತರ ಮಾಡಿ ಎಲ್ಲಾದ್ರೂ ಹಾಕಿರ್ತಾರಾ? ಎಷ್ಟಾದ್ರೂ ಆಗ್ಲಿ, ಅದನ್ನೇ ಹಾಕಿಸ್ಕತೀನಿ. ನಮ್ದು ಏಳು ತಿಂಗ್ಳಿಗೆ ಓಯ್ತು ಮೇಡಂ. ನಮ್ಮನೇವ್ಳು ಅವತ್ತಿಂದ ಒಂದ್ ಅನಿ ಅತ್ತಿಲ್ಲ. ಅವಳ್ ಮುಂದೆ ನಾನ್ ಅತ್ಬುಟ್ರೆ ಏನಾಗ್ಬುಡ್ತದೋ ಅಂತ ನಾನೂ ಅತ್ತಿಲ್ಲ..." ಟ್ರ್ಯಾಕ್ಟರಿನ ಸದ್ದಿನ ಹಿಂದೆ ಗಂಡಸೊಬ್ಬ ಬಿಕ್ಕುತ್ತಿದ್ದ.

ಕೆಳಗೆ ಕವಿತಳ ಉತ್ತರ: 'ಎಲ್ಲದರಲ್ಲೂ ಕತೆ ಅದೇ ಸರ್.'

ಬಚ್ಚಲಲ್ಲಿ ಚೊಂಬಿನ ಸದ್ದು ನಿಂತಿತು. ವೀಣ ಮೊಬೈಲನ್ನು ಜೇಬಿಗೆ ಹಾಕಿದಳು.

ಹೊಟ್ಟೆಕಿಚ್ಚು ಹೋಯಿತೆಂದು ಹೇಳಿದರೆ ಸುಳ್ಳಾದೀತು. ಅದು ಇನ್ನೂ ಆಳಕ್ಕೆ ಇಳಿದಿತ್ತು. ಅವನು ನಕ್ಕದ್ದನ್ನು ಆ ಹುಡುಗಿಯ ಜೊತೆ ಹಂಚಿಕೊಂಡಿದ್ದರೆ ಹೇಗಾದರೂ ತಡೆದುಕೊಳ್ಳುತ್ತಿದ್ದಳೇನೋ. ಆದರೆ ಆ ಅಳು ತಮ್ಮಿಬ್ಬರದು. ತನ್ನ ಪಾಲಿನದನ್ನು ಅವನು ಬೇರೆಯವಳ ಮುಂದೆ ಇಳಿಸಿ ಬಂದಿದ್ದ... ಇಳಿಸಲು ನಾನು ಜಾಗ ಕೊಟ್ಟಿದ್ದೆನೇ? ನಾಲ್ಕು ವರ್ಷ ಹಲಗೆಯ ಮೇಲೆ ಬಗ್ಗಿದ ತಲೆಯನ್ನು ಒಮ್ಮೆಯಾದರೂ ಎತ್ತಿದ್ದೆನೇ?

ಶಿವರಾಜು ತಲೆ ಒರೆಸಿಕೊಳ್ಳುತ್ತ ಬಂದು ಡಬ್ಬಿಯ ಮುಂದೆ ಕೂತ. ಟವೆಲು ಹೆಗಲ ಮೇಲೇ ಇತ್ತು.

"ಅಮ್ಮಿ, ಐವತ್ತೆರಡರಿಂದ ಬಾಳ ಬೇಜಾರಂತೆ. ಸುಮ್ಕೆ ಎಳ್ದವ್ರಂತೆ. ಎಪ್ಪತ್ತಕ್ಕೇ ಓಗ್ಬುಡವಾ?"

"ಯಾರಂದ್ರು?"

ಅವನು ಟವೆಲಿನ ಅಂಚು ಹಿಂಡಿದ. ಅದರಲ್ಲಿ ನೀರಿರಲಿಲ್ಲ.

"ಮಳವಳ್ಳೀಲಿ ಕವಿತ ಮೇಡಂ ಅಂತವ್ರೆ. ಕಾಲೇಜಲ್ಲಿ ಇಂಗ್ಲಿಷ್ ಪಾಠ ಮಾಡ್ತಾರೆ. ಅವ್ರಪ್ಪ ಕೆಂಪಯ್ಯ ನಮ್ಮ ಕಾರ್ಖಾನೆಗೆ ಕಬ್ಬು ತತ್ತಾನೆ. ಸೀರಿಯಲ್ಲು ಮಾಯ ಆದ ವಾರ ನೋಡ್ತೀನಿ, ತೂಕದ ಸಾಲಲ್ಲಿ ಟ್ರ್ಯಾಕ್ಟರ್ ಮ್ಯಾಲೆ ಕೂತ್ಕೊಂಡು ಆ ಮುದ್ಕ ನಮ್ ನೆರ್ಮಿನ್ನೇ ನೋಡ್ತಾವ್ನೆ. ಮಗ್ಳು ಹಾಕ್ಕೊಟ್ಟಿದ್ಲಂತೆ. ಅಲ್ಲಿಂದ ನಂಬರ್ ಈಸ್ಕಂಡೆ."

"ಮುದ್ಕನಿಗೆ ಇಂಗ್ಲಿಷ್ ಬತ್ತದಾ?"

"ಎಲ್ ಬತ್ತದೆ? ಉಡ್ಗೀರ್ ಮಕ ನೋಡ್ತಾನೆ ಅಷ್ಟೆ." ನಗಲು ಹೋಗಿ ನಿಲ್ಲಿಸಿದ. "ನಂಗೂ ಅಷ್ಟಾಗಿ ಬರಲ್ಲ ಕಣಮ್ಮಿ. ಗೊತ್ತಾಗ್ದಿದ್ದನ್ನ ಮೇಡಂನ ಕೇಳ್ತೀನಿ. ಮೊದ್ಲೆಲ್ಲ ಅರ್ಧ ಓದಿ ಅರ್ಧ ನಾನೇ ಕಟ್ತಿದ್ದೆ. ನಿಂಗೆ ಯೋಳಕ್ಕೆ ನಾಚ್ಕೆ ಆಯ್ತು."

ಅವನು ಅಷ್ಟನ್ನೇ ಒಪ್ಪಿಕೊಂಡ. ಉಳಿದದ್ದನ್ನು ಮುಚ್ಚಿಡಲು ಆ ಮುಖ ಪಡುತ್ತಿದ್ದ ಪಾಡನ್ನು ವೀಣ ನೋಡಿದಳು. ಕಿವಿಯ ಮೇಲಿನ ಕೂದಲು ಬೆಳ್ಳಗಾಗಿದ್ದು ಯಾವಾಗ?

"ನಂಗೆ ನೀವ್ ಕಟ್ಟಿದ್ ಕತೆನೇ ಬೇಕು," ಅಂದಳು. "ಇನ್ಮ್ಯಾಲೆ ಗೊತ್ತಾಗ್ದಿದ್ರೆ ನನ್ನೇ ಕೇಳಿ."

"ನಿಂಗೆ ಬತ್ತದಾ ಇಂಗ್ಲಿಷು?"

"ಇಲ್ಲ. ಇಬ್ರೂ ಸೇರಿ ಕಟ್ಟವಾ."

ಶಿವರಾಜು ಅವಳನ್ನೇ ನೋಡಿದ. ಒದ್ದೆ ಕೈಯಿಂದ ಅವಳ ಹೆಬ್ಬೆರಳು ಹಿಡಿದು, ಸೂಜಿ ಚುಚ್ಚಿದ ಕಡೆ ಮೆಲ್ಲಗೆ ಸವರಿದ. "ನಿನ್ನೆಯಿಂದ ಯಾಕಂಗಿದ್ದೆ?"

"ಅಳ್ಳಿ ಗಮಾರಿ ನಾನು, ಕಾಲೇಜ್ ಮೇಡಂ ಅಲ್ಲವಲ್ಲ."

"ಥೂ, ಓಗಮ್ಮಿ," ಅಂದ ಅವನು. ಕೈ ಮಾತ್ರ ಬಿಡಲಿಲ್ಲ.

"ಐವತ್ತೆರಡೇ ಹಾಕಿ. ಬುಟ್ಟು ಬುಟ್ಟು ನೋಡಿದ್ರೆ ನಂಗೆ ಆಗಲ್ಲ."

"ಬ್ಯಾಡ ಕಣಮ್ಮಿ, ಬೇಜಾರಾಯ್ತದೆ."

"ಆಗ್ಲಿ. ಹಾಕಿ."

ಅವನು ಹಾಕುವಷ್ಟರಲ್ಲಿ ಬಾಗಿಲು ತಳ್ಳಿಕೊಂಡು ಸೋಮಮ್ಮ ಬಂದಳು. ಕಂಕುಳಲ್ಲಿ ಇನ್ನೊಂದು ಸೀರೆ.

"ವೀಣಾ, ನಮ್ ಸೊಸೆ ತಂಗಿದು ಕಣಮ್ಮ. ಈ ಬುಧವಾರ ಅಲ್ಲ, ಅದ್ರಾಚೆ ಬುಧವಾರ ಕೂತ್ಕೊಂಡು ಮುಗಿಸ್ಕೊಡು, ಗುರುವಾರ ಉಟ್ಕತಾಳೆ."

ವೀಣ ಮನಸ್ಸಿನಲ್ಲೇ ಎಣಿಸಿದಳು. ಇವತ್ತು ಐವತ್ತೆರಡು. ದಿನಕ್ಕೊಂದರಂತೆ ನಾಳೆ ಐವತ್ತಮೂರು... ಆ ಮಂಗಳವಾರ ಅರವತ್ತೆರಡು, ಬುಧವಾರ ಅರವತ್ತಮೂರು.

"ಮಂಗಳವಾರಕ್ಕೇ ಕೊಡ್ತೀನಿ ಸೋಮಕ್ಕ. ಬುಧವಾರ ಮಾತ್ರ ಆಗಲ್ಲ."

"ಎಲ್ಲಿಗ್ ಓಯ್ತಿದ್ದೀಯಾ?"

"ಎಲ್ಲಿಗೂ ಇಲ್ಲ."

"ಮನೇಲೇ ಇದ್ಕೊಂಡು ಆಗಲ್ವಾ?"

"ಆಗಲ್ಲ."

ಸೋಮಮ್ಮ ಸೀರೆ ಇಟ್ಟು, ಇವಳ ಗತ್ತು ನೋಡು ಎಂದು ಗೊಣಗುತ್ತ ಹೋದಳು. ಶಿವರಾಜು ಹುಬ್ಬೆತ್ತಿ, "ಬುಧವಾರ ಏನಮ್ಮಿ?" ಅಂದ.

"ಏನಿಲ್ಲ."

ಆ ದಿನ ಹಲಗೆ ಗೋಡೆಗೆ ಒರಗಿರುತ್ತದೆ. ಕೈಯಲ್ಲಿ ದಾರವಿರುವುದಿಲ್ಲ. ಅವನ ಪಕ್ಕದಲ್ಲಿ ಭುಜಕ್ಕೆ ಭುಜ ತಾಗುವಂತೆ ಕೂತು, ತಲೆ ಎತ್ತಿ, ಪೂರ್ತಿ ನೋಡುತ್ತಾಳೆ. ಅವನು ಏನು ಓದಿದರೂ ಸರಿ, ಓದಲಾರದೆ ನಿಂತರೂ ಸರಿ. ಅವನಿಗೆ ಅಳು ಬಂದರೆ ಹಿತ್ತಿಲಿಗೆ ಹೋಗಲು ಬಿಡುವುದಿಲ್ಲ.

ಇಂಗ್ಲಿಷ್ ಸಾಲುಗಳು ತನಗೆ ತಿಳಿಯುತ್ತವೆಂಬುದು ಅವನಿಗೆ ಯಾವತ್ತೂ ಗೊತ್ತಾಗಬೇಕಿಲ್ಲ.

"ನೆರ್ಮಿನ್ ಎದ್ಲು," ಅಂದ ಶಿವರಾಜು, ಅವಳ ಕಡೆ ಒಮ್ಮೆ ನೋಡಿ. "ಕಾಮಾಲೆ ಇನ್ನೂ ಇಳ್ದಿಲ್ವಂತೆ. ಔಸ್ದಿ ಕುಡೀತಾವ್ಳೆ."

ಪರದೆಯ ಮೇಲೆ ನೆರ್ಮಿನ್ ಹೊಟ್ಟೆ ಸವರಿಕೊಂಡು ನಗುತ್ತಿದ್ದಳು.

"ಕುಡೀಲಿ ಬುಡಿ," ಅಂದಳು ವೀಣ, ಸೋಮಮ್ಮ ತಂದ ಸೀರೆಗೆ ಒಪ್ಪುವ ದಾರ ಹುಡುಕುತ್ತ. "ಪಥ್ಯ ಮಾಡು ಅಂತ ಯೋಳಿ ಅವ್ಳಿಗೆ."