ಪೊಟರೆಗೆ ಬಂದ ಪರಂಗಿ ಹಣ್ಣು

ಸೋಮವಾರ ಬೆಳಿಗ್ಗೆ ಹತ್ತು ಗಂಟೆಗೆ ಠಾಣೆಗೆ ಬಂದ ಮಹಿಳೆ ಹೆಡ್ ಕಾನ್‌ಸ್ಟೆಬಲ್‌ರ ಮೇಜಿನ ಮೇಲೆ ಗೋಣಿಚೀಲವೊಂದನ್ನು ಇಟ್ಟು, "ಕೊಲೆ ಆಗಿದೆ, ಬರ್ಕೊಳ್ಳಿ" ಎಂದರು. ಚೀಲದಲ್ಲಿದ್ದದ್ದು ಹೆಣವೇ, ಆದರೆ ಹಕ್ಕಿಯದು. ಕೊಕ್ಕಿನ ಮೇಲೆ ಇನ್ನೊಂದು ಕೊಕ್ಕು ಕೂರಿಸಿದಂತೆ ಕಾಣುವ ದೊಡ್ಡ ಗಂಡು ಮಂಗಟ್ಟೆ.

ಹೆಡ್ ಕಾನ್‌ಸ್ಟೆಬಲ್‌ರನ್ನು ಠಾಣೆಯಲ್ಲಿ ಎಲ್ಲರೂ ವಕೀಲರು ಎಂದೇ ಕರೆಯುತ್ತಿದ್ದರು. ಯಾವುದಕ್ಕಾದರೂ ಒಂದು ತಕರಾರು ತೆಗೆಯದಿದ್ದರೆ ಅವರಿಗೆ ಉಂಡದ್ದು ಅರಗುತ್ತಿರಲಿಲ್ಲ.

"ಇದು ಅರಣ್ಯ ಇಲಾಖೆ ಕೇಸಲ್ವಾ ಮೇಡಂ?"

"ಸಿಕ್ಕಿದ್ದು ಊರೊಳಗಿನ ಚರಂಡೀಲಿ. ಅವರು ನಿಮ್ಮ ಕಡೆ ಕೈ ತೋರಿಸಿದ್ರು. ನೀವು ಯಾರ ಕಡೆ ತೋರಿಸ್ತೀರಿ?"

ಒಳಗೆ ಇನ್ಸ್‌ಪೆಕ್ಟರ್ ನಕ್ಕದ್ದು ಕೇಳಿಸಿತು. ಅರ್ಧ ಗಂಟೆಯಲ್ಲಿ ಎಫ್‌ಐಆರ್ ದಾಖಲಾಯಿತು.

ಆಕೆ ಹಕ್ಕಿ ಸಂರಕ್ಷಣೆಯ ಸಂಘವೊಂದರಲ್ಲಿ ಗೂಡು ಕಾಯುವ ಕೆಲಸದವರು. ಮಧ್ಯಾಹ್ನದ ಹೊತ್ತಿಗೆ ಠಾಣೆ ಅವರಿಗೂ 'ಹಕ್ಕಿ ಮೇಡಂ' ಎಂದು ಹೆಸರಿಟ್ಟಿತ್ತು. ಅವರು ವಿವರಿಸಿದರು: ಹೆಣ್ಣು ಮಂಗಟ್ಟೆ ಮರದ ಪೊಟರೆಯೊಳಗೆ ಸೇರಿಕೊಂಡು, ಪೊಟರೆಯ ಬಾಯನ್ನು ಮೆತ್ತಿ ಮುಚ್ಚಿ, ಬರೀ ಒಂದು ಸೀಳು ಉಳಿಸಿಕೊಳ್ಳುತ್ತದೆ. ಮರಿ ಬಲಿಯುವ ತನಕ ಆ ಸೀಳಿನಲ್ಲೇ ಗಂಡು ಹಣ್ಣು ತಂದು ಉಣಿಸಬೇಕು.

"ಗಂಡು ಸತ್ರೆ?" ಇನ್ಸ್‌ಪೆಕ್ಟರ್ ಕೇಳಿದರು.

"ಕೆಲವು ಒಡ್ಕೊಂಡು ಹೊರಗೆ ಬರ್ತಾವೆ. ಆದ್ರೆ ಈ ಗಂಡಿನ ಜೋಡಿ ಇದೆಯಲ್ಲ, ಅವಳ ರೆಕ್ಕೆ ಗರಿ ಉದುರಿದೆ, ಹಾರೋಕಾಗಲ್ಲ. ಜೊತೆಗೆ ಮರಿ ಬೇರೆ. ಎರಡೂ ಹಸಿವಿನಿಂದ ಸಾಯ್ತಾವೆ."

ಗಂಡು ಕಾಣದೆ ಎರಡು ದಿನವಾಗಿತ್ತು. ಆಕೆ ಹಿಂದಿನ ದಿನವಿಡೀ ಮನೆಮನೆಯ ಬಾಗಿಲು ತಟ್ಟಿ, ಯಾರಾದರೂ ನೋಡಿದಿರಾ ಎಂದು ಕೇಳುತ್ತ ಇದನ್ನೇ ಹೇಳಿಕೊಂಡು ಬಂದಿದ್ದರು.

ಪಶುವೈದ್ಯರ ವರದಿ ಸಂಜೆಗೆ ಬಂತು. ಗುಂಡೇಟಲ್ಲ, ಕೋಲಿನಂಥದ್ದರ ಪೆಟ್ಟಿಗೆ ಕತ್ತು ಮುರಿದಿದೆ. ಮಾಂಸ, ಗರಿ ಯಾವುದನ್ನೂ ಮುಟ್ಟಿಲ್ಲ. ಕೊಕ್ಕಿನ ತುದಿಯಲ್ಲಿ ನೀಲಿ ಎಣ್ಣೆಬಣ್ಣ ಹತ್ತಿದೆ.

"ಕಿಟಕಿ," ಎಂದರು ಹಕ್ಕಿ ಮೇಡಂ. "ಗೂಡು ಕಟ್ಟೋ ಕಾಲದಲ್ಲಿ ಗಂಡು ಗಾಜಿನಲ್ಲಿ ತನ್ನ ಬಿಂಬ ನೋಡಿ, ಇನ್ಯಾವನೋ ಬಂದ ಅಂತ ಜಗಳಕ್ಕೆ ಹೋಗುತ್ತೆ. ದಿನಾ ಹೋಗಿ ಕುಟ್ಟುತ್ತೆ."

"ಕನ್ನಡಿ ಜೊತೆ ಜಗಳ ಆಡೋರು ನಮ್ಮನೇಲೂ ಒಬ್ಬರಿದ್ದಾರೆ," ಎಂದರು ವಕೀಲರು. ಯಾರೆಂದು ಹೇಳಲಿಲ್ಲ.

ಇಬ್ಬರು ಕಾನ್‌ಸ್ಟೆಬಲ್‌ಗಳು ನೀಲಿ ಕಿಟಕಿ ಹುಡುಕಲು ಹೊರಟರು. ಊರಿನ ಅರ್ಧದಷ್ಟು ಕಿಟಕಿಗಳು ನೀಲಿಯೇ ಆಗಿದ್ದವು. ಬುಧವಾರದ ಹೊತ್ತಿಗೆ ಅವರ ಉತ್ಸಾಹವೆಲ್ಲ ಇಳಿದುಹೋಗಿತ್ತು. ಆಗ ಹಕ್ಕಿ ಮೇಡಂ ಫೋನ್ ಮಾಡಿದರು. ಹೆಣ್ಣು ಬದುಕಿದೆ, ಗಟ್ಟಿಯಾಗಿಯೇ ಇದೆ.

ಪೊಟರೆಯಿದ್ದ ಮರ ಹಳೆಯ ನೀರಿನ ಟ್ಯಾಂಕಿಗೆ ಒತ್ತಿಕೊಂಡು ಬೆಳೆದಿತ್ತು. ಬುಡದಲ್ಲಿ ಪರಂಗಿ ಹಣ್ಣಿನ ತುಂಡುಗಳು ಬಿದ್ದಿದ್ದವು. ಇನ್ಸ್‌ಪೆಕ್ಟರ್ ಒಂದನ್ನು ಎತ್ತಿ ತಿರುಗಿಸಿ ನೋಡಿದರು. ನಾಲ್ಕೂ ಬದಿ ನೇರವಾಗಿತ್ತು.

"ಹಕ್ಕಿ ಚಾಕು ಇಟ್ಕೊಂಡಿರಲ್ಲ," ಎಂದರು ವಕೀಲರು. ಅವರ ಈ ಮಾತಿಗೆ ಅವರದೇ ತಕರಾರಿರಲಿಲ್ಲ.

ಗುರುವಾರ ಬೆಳಕು ಹರಿಯುವ ಮುನ್ನ ಹಕ್ಕಿ ಮೇಡಂ ಸೇರಿ ಮೂವರೂ ಟ್ಯಾಂಕಿನ ಹಿಂದೆ ಕಾದು ಕುಳಿತರು. ಸೈಕಲ್ಲಿನಲ್ಲಿ ಒಬ್ಬ ಬಂದ. ಅಂಗಿಯ ತುಂಬ ಬಣ್ಣದ ಕಲೆ, ಹೆಗಲ ಮೇಲೆ ಗೋಡೆಗೆ ಬಣ್ಣ ಬಳಿಯುವ ರೋಲರಿನ ಉದ್ದನೆಯ ಕಬ್ಬಿಣದ ಕೋಲು. ರೋಲರ್ ಇರಬೇಕಾದ ತುದಿಗೆ ಸೌಟು ಕಟ್ಟಿತ್ತು. ಟ್ಯಾಂಕಿನ ಮೆಟ್ಟಿಲು ಹತ್ತಿ, ಬಟ್ಟಲಿನಿಂದ ಸೌಟಿಗೆ ಹಣ್ಣು ಹಾಕಿ ಸೀಳಿನ ಹತ್ತಿರ ಹಿಡಿದ.

"ತಗೊಳವ್ವಾ. ತಗೋ."

ಸೀಳಿನಿಂದ ಕೊಕ್ಕು ಹೊರಬಂತು. ವಕೀಲರು ಎದ್ದೇಬಿಟ್ಟರು. ಇನ್ಸ್‌ಪೆಕ್ಟರ್ ಅವರ ಭುಜ ಒತ್ತಿ ಕೂರಿಸಿದರು. "ಬಟ್ಟಲು ಖಾಲಿ ಆಗ್ಲಿ."

ಖಾಲಿಯಾದ ಮೇಲೆ ಹಿಡಿದರು. ಪೇಂಟರ್ ಓಡಲಿಲ್ಲ. "ನಾಳೆ ಯಾರು ಕೊಡ್ತಾರೆ ಸಾರ್?" ಎಂದಷ್ಟೇ ಕೇಳಿದ.

ಠಾಣೆಯಲ್ಲಿ ವಿಚಾರಣೆ ನಡೆಯಿತು.

"ಯಾತರಲ್ಲಿ ಹೊಡೆದೆ?"

"ಇದೇ ಕೋಲಲ್ಲಿ."

"ಯಾಕೆ?"

"ನನ್ನ ಹೆಂಡ್ತಿ ಎಂಟು ತಿಂಗಳಿಂದ ಹಾಸಿಗೆ ಹಿಡಿದಿದ್ದಾಳೆ ಸಾರ್. ಲಕ್ವ. ಮಾತೂ ಹೋಯ್ತು. ಹೊರಗಡೆ ಕಾಣ್ಲಿ ಅಂತ ಮಂಚ ಕಿಟಕಿ ಹತ್ರ ಹಾಕಿದೆ. ಚೌಕಟ್ಟಿಗೆ ಹೊಸ ಬಣ್ಣ ಹೊಡೆದೆ. ದಿನಾ ಗಾಜು ಒರೆಸ್ತಿದ್ದೆ, ಫಳಫಳ ಅನ್ನಬೇಕು ಹಾಗೆ. ಹಕ್ಕಿಗೆ ನಾನೇ ಕನ್ನಡಿ ಮಾಡಿಕೊಟ್ಟಂಗಾಯ್ತು."

"ಆಮೇಲೆ?"

"ಬೆಳಿಗ್ಗೆ ಬೆಳಿಗ್ಗೆ ಬಂದು ಕುಟ್ಟೋದು. ಅವಳು ಕಿರುಚೋಳು. ಅಷ್ಟು ತಿಂಗಳು ಬಾಯಿಂದ ಒಂದು ಶಬ್ದ ಬಂದಿರಲಿಲ್ಲ ಸಾರ್. ಹೆದರ್ಕೊಂಡಿದ್ದಾಳೆ ಅಂದ್ಕೊಂಡೆ. ಓಡಿಸೋಣ ಅಂತ ಬೀಸಿದೆ, ತಾಗಿಬಿಡ್ತು."

ಇನ್ಸ್‌ಪೆಕ್ಟರ್ ಬರೆದುಕೊಂಡರು.

"ಮಾರನೇ ದಿನ ಅದೇ ಹೊತ್ತಿಗೆ ಮತ್ತೆ ಕೂಗಿದ್ಲು. ಕಿಟಕೀಲಿ ಏನೂ ಇಲ್ಲ. ಆಗ ತಿಳೀತು, ಹೆದರಿಕೆ ಅಲ್ಲ ಅದು, ಕರೀತಿದ್ಲು. ಎರಡು ದಿನ ಕರೆದ್ಲು. ಈಗ ಅದೂ ಇಲ್ಲ." ಅವನು ಹಕ್ಕಿ ಮೇಡಂ ಕಡೆ ತಿರುಗಿದ. "ನೀವು ನಮ್ಮ ಬಾಗಿಲಿಗೂ ಬಂದು ಟ್ಯಾಂಕಿನ ಹತ್ರದ ಮರದ ವಿಷಯ ಹೇಳಿದ್ರಿ ಅಮ್ಮಾ. ಒಪ್ಕೊಳ್ಳೋಕೆ ಬಾಯಿ ಬರಲಿಲ್ಲ. ನೀವು ಅತ್ತ ಹೋದ್ರಿ, ನಾನು ಹಣ್ಣು ಹೆಚ್ಚೋಕೆ ಕೂತೆ."

"ಹೆಂಡ್ತಿಗೆ ಗೊತ್ತಾ?"

"ಮರಿ ದೊಡ್ಡದಾದ್ಮೇಲೆ ಕರ್ಕೊಂಡು ಬರುತ್ತೆ ಅಂತ ಹೇಳಿದೀನಿ. ಅವಳಿಗೆ ಹೇಳಬೇಡಿ ಸಾರ್."

ದಸ್ತಗಿರಿ ದಾಖಲಾಯಿತು. ಕೋಲನ್ನು ಸಾಕ್ಷ್ಯವಾಗಿ ವಶಪಡಿಸಿಕೊಂಡದ್ದರಿಂದ ಹಣ್ಣು ಉಣಿಸಲು ಅದನ್ನು ಕೊಡುವಂತಿರಲಿಲ್ಲ. ಕಾನೂನು ಹೀಗಿದೆ ಎಂದು ಹಕ್ಕಿ ಮೇಡಂ ಜೊತೆ ಬಹಳ ಹೊತ್ತು ವಾದಿಸಿದ ವಕೀಲರೇ, ಮನೆಯಿಂದ ಜೇಡರಬಲೆ ತೆಗೆಯುವ ಬಿದಿರಿನ ಗಳು ತಂದು ಅವರಿಗೆ ಕೊಟ್ಟರು. ಶುಕ್ರವಾರ ಬೆಳಿಗ್ಗೆ ಹೆಣ್ಣು ಕೊಕ್ಕು ಹೊರಗಿಡಲಿಲ್ಲ. ಶನಿವಾರ ಒಂದು ತುಂಡು ತೆಗೆದುಕೊಂಡಿತು.

ಅದೇ ಶನಿವಾರ ಪೇಂಟರನ ಮನೆಯಲ್ಲಿ ಸ್ಥಳ ಪಂಚನಾಮೆ. ಹೆಂಡತಿಯ ಅಕ್ಕ ಬಾಗಿಲು ತೆರೆದು, ಏನನ್ನೂ ಕೇಳದೆ ಪಕ್ಕಕ್ಕೆ ಸರಿದರು. ಒಳಗಿದ್ದವಳಿಗೆ ಕಾಣದಂತೆ ಇನ್ಸ್‌ಪೆಕ್ಟರ್ ಎಲ್ಲರನ್ನೂ ಹಿತ್ತಲಿನಿಂದ, ಗೋಡೆಗೆ ಒತ್ತಿಕೊಂಡೇ ಕರೆದೊಯ್ದರು. ನೀಲಿ ಚೌಕಟ್ಟಿನಲ್ಲಿ ಬಣ್ಣ ಎದ್ದಿತ್ತು. ಗಾಜಿನ ಅಂಚಿನಲ್ಲಿ ಗೀರುಗಳಿದ್ದವು. ಪಂಚರಿಬ್ಬರು ನೋಡುತ್ತಿರುವಂತೆ ವಕೀಲರು ಗೀರಿನ ಉದ್ದ ಅಳೆಯಲು ಕೈ ಚಾಚಿದರು. ಟೇಪಿನ ತುದಿಯ ತಗಡು ಗಾಜಿಗೆ ಎರಡು ಸಲ ತಾಗಿತು.

ಒಳಗಿನಿಂದ ದನಿ ಬಂತು. ಮಾತಲ್ಲ, ಉದ್ದನೆಯ ಒಂದು ಕೂಗು. ಅದರಲ್ಲಿ ಹೆದರಿಕೆ ಇರಲಿಲ್ಲ, ಕೇಳಿದ ಯಾರಿಗಾದರೂ ತಿಳಿಯುವಂತಿತ್ತು. ವಕೀಲರ ಕೈ ಅಲ್ಲೇ ನಿಂತಿತು. ಕೂಗು ಇನ್ನೊಮ್ಮೆ ಬಂತು.

ಅಕ್ಕ ಹಿತ್ತಲಿಗೆ ಬಂದರು. "ಹಕ್ಕಿ ಬಂತು ಅಂದ್ಕೊಂಡಿದ್ದಾಳೆ. ನಾನೇನು ಹೇಳ್ಲಿ ಸಾರ್?"

ಇಪ್ಪತ್ತೆರಡು ವರ್ಷದ ಸರ್ವಿಸಿನಲ್ಲಿ ಇನ್ಸ್‌ಪೆಕ್ಟರ್ ಬರೀ ಪ್ರಶ್ನೆ ಕೇಳಿದ್ದರು. ಟೇಪು ಮಡಚಲು ಸನ್ನೆ ಮಾಡಿದರು. ಗೀರಿನ ಉದ್ದವನ್ನು ಅಂದಾಜಿನಲ್ಲಿ ಬರೆದು ಪಂಚರ ಸಹಿ ಹಾಕಿಸಿಕೊಂಡರು.

ಸಂಜೆ ವರದಿಯಲ್ಲಿ, ಕೃತ್ಯಕ್ಕೆ ಕಾರಣ ಎಂಬಲ್ಲಿ, 'ಹೆಂಡತಿಯ ಮೇಲಿನ ಕಾಳಜಿ' ಎಂದು ಬರೆದರು. ಹೀಗೆ ಬರೆದರೆ ಕೋರ್ಟಿನಲ್ಲಿ ಕೇಸು ನಿಲ್ಲುತ್ತದೆಯೇ ಎಂದು ವಕೀಲರು ಕೇಳಲಿಲ್ಲ.