ಅಕ್ಕನ ಡಾಕ್ಟರ್

"ನಮ್ಮಕ್ಕನ ಮೇಲೆ ಪ್ರಯೋಗ ಮಾಡ್ತೀರಾ? ಅವಳೇನು ಇಲೀನಾ, ಡಾಕ್ಟ್ರೇ?"

ಕ್ಯಾನ್ಸರ್ ವಿಭಾಗದ ಆ ಪುಟ್ಟ ಕೋಣೆಯಲ್ಲಿ ಅವಳ ದನಿ ಖಣಖಣ ಎಂದಿತು. ಅವಳು ಶಾಲೆಯಲ್ಲಿ ಲೆಕ್ಕ ಹೇಳಿಕೊಡುವ ಟೀಚರ್. ಎದುರಿಗಿದ್ದ ಯುವ ಡಾಕ್ಟರ್ ಹೋಮ್‌ವರ್ಕ್ ಮರೆತ ಹುಡುಗನಂತೆ ತಲೆ ತಗ್ಗಿಸಿದ.

"ಕೋಪ ಮಾಡ್ಕೋಬೇಡಿ... ಮಾಮೂಲಿ ಔಷಧಿ ತಡ್ಕೊಳ್ಳೋ ಶಕ್ತಿ ಅವರ ಹೃದಯಕ್ಕಿಲ್ಲ. ಅದನ್ನೇ ಕಣ್ಣಿಗೆ ಕಾಣದಷ್ಟು ಸಣ್ಣ ಕೊಬ್ಬಿನ ಕಣಗಳೊಳಗೆ ತುಂಬಿ ಕೊಡ್ತೀವಿ. ಗಡ್ಡೆಗೆ ಹೆಚ್ಚು ಸೇರಬಹುದು, ಹೃದಯಕ್ಕೆ ಪೆಟ್ಟು ಕಮ್ಮಿ ಆಗಬಹುದು. ಗ್ಯಾರಂಟಿ ಅಂತ ಸುಳ್ಳು ಹೇಳಲ್ಲ."

ಪಕ್ಕದ ಕುರ್ಚಿಯಲ್ಲಿದ್ದ ಅಕ್ಕ ನಕ್ಕುಬಿಟ್ಟಳು. "ಇಷ್ಟು ದಿನ ಕೊಬ್ಬು ಇಳಿಸು ಇಳಿಸು ಅಂತಿದ್ರಿ. ಈಗ ಕೊಬ್ಬೇ ಔಷಧೀನಾ? ಕೊಡಿ, ನಂಗೊಪ್ಪಿಗೆ!"

ತಾಯಿಯಿಲ್ಲದ ತನ್ನನ್ನು ಎತ್ತಿ ಆಡಿಸಿ ಬೆಳೆಸಿದ ಅಕ್ಕ... ಟೀಚರ್ ಒಪ್ಪಿಗೆ ಪತ್ರವನ್ನು ಅವಳ ಮುಂದಿಟ್ಟು ಪೆನ್ನು ಕೊಟ್ಟಳು.

ಡ್ರಿಪ್ ಹಾಕಿದಾಗಲೆಲ್ಲ ಆ ಯುವ ಡಾಕ್ಟರ್ ಮಂಚದ ಪಕ್ಕ ಬಂದು ಕೂರುತ್ತಿದ್ದ. ಅಕ್ಕನಿಗೆ ಚಳಿಯಾದರೆ ತಾನೇ ಕಂಬಳಿ ಹೊದಿಸುತ್ತಿದ್ದ. ಊಟ ಬಿಟ್ಟ ತಂಗಿಯನ್ನೂ ಗದರುತ್ತಿದ್ದ.

"ನೀವೂ ಮಲಗಿಬಿಟ್ರೆ ಇನ್ನೊಂದು ಮಂಚ ಎಲ್ಲಿಂದ ತರಲಿ?"

ಬರಬರುತ್ತಾ ಅವನ ಹೆಜ್ಜೆ ಸಪ್ಪಳಕ್ಕೆ ಅವಳ ಕಿವಿ ನಿಮಿರತೊಡಗಿತು. ಇದೇನಾಯ್ತು ನನಗೆ!

ಆಮೇಲೊಂದು ದಿನ ಅವನು ಬರಲೇ ಇಲ್ಲ. ಬಂದವರು ಹಿರಿಯ ಡಾಕ್ಟರಮ್ಮ. "ಇನ್ಮೇಲೆ ನಾನೇ ನೋಡ್ಕೋತೀನಿ."

ತಂಗಿಗೆ ದಿಗಿಲಾಯಿತು. ಅಕ್ಕ ಉಳಿಯಲ್ಲ ಅಂತ ಗೊತ್ತಾಗಿರಬೇಕು... ಅದಕ್ಕೇ ನಡುನೀರಲ್ಲಿ ಕೈಬಿಟ್ಟರು! ಕಾರಿಡಾರಿನಲ್ಲಿ ಅವನು ಎದುರಾದಾಗ ಅವಳು ಮುಖ ತಿರುಗಿಸಿಕೊಂಡು ಹೋದಳು.

ಹೊಸ ಸ್ಕ್ಯಾನ್ ಬಂತು.

"ಗಡ್ಡೆ ಅರ್ಧಕ್ಕರ್ಧ ಕರಗಿದೆ. ಹೃದಯಕ್ಕೂ ತೊಂದರೆಯಾಗಿಲ್ಲ," ಎಂದರು ಡಾಕ್ಟರಮ್ಮ.

ಅಕ್ಕ-ತಂಗಿ ತಬ್ಬಿಕೊಂಡು ಅತ್ತರು. "ಆದ್ರೂ ಅವರು ಬಿಟ್ಟು ಹೋದ್ರಲ್ಲ..." ತಂಗಿಯ ಬಾಯಿಂದ ಮಾತು ಜಾರಿತು.

"ಬಿಟ್ಟು ಹೋಗಲಿಲ್ಲಮ್ಮ. ತಾನಾಗೇ ಕೇಳ್ಕೊಂಡು ಪಕ್ಕಕ್ಕೆ ಸರಿದ. ಯಾಕೆ ಅಂತ ಅವನನ್ನೇ ಕೇಳು."

"ಇನ್ನೂ ಇಲ್ಲೇ ನಿಂತಿದ್ದೀಯಲ್ಲೇ? ಹೋಗೇ!" ಅಕ್ಕ ಅವಳನ್ನು ತಳ್ಳಿಯೇಬಿಟ್ಟಳು.

ಅವನು ಮೆಟ್ಟಿಲು ಹತ್ತುತ್ತಿದ್ದ. ಅವಳು ಕೆಳಗಿನಿಂದಲೇ ಕೂಗಿದಳು. "ಯಾಕೆ ಹೀಗೆ ಮಾಡಿದ್ರಿ?"

ಅವನು ನಿಂತ. "ಔಷಧಿ ಹಿಡಿಸದಿದ್ರೆ, ಸಾಕು ನಿಲ್ಲಿಸೋಣ ಅಂತ ನಾನೇ ಹೇಳಬೇಕಿತ್ತು. ನಿಮ್ಮ ಕಣ್ಣೀರು ನೋಡ್ತಾ ಆ ಮಾತು ನನ್ನ ಬಾಯಿಂದ ಬರ್ತಿರ್ಲಿಲ್ಲ. ಪ್ರೀತಿ ನನ್ನ ಕಣ್ಣು ಕಟ್ಟಿದ್ರೆ ನಿಮ್ಮಕ್ಕನ ಜೀವಕ್ಕೆ ಯಾರು ಹೊಣೆ?"

ಪ್ರೀತಿ! ಅಂದಮೇಲೆ ಅವನಿಗೇ ಗಾಬರಿಯಾಯಿತು.

"ಇಷ್ಟು ದಿನ ನಿಮ್ಮನ್ನ ಮನಸಾರೆ ಬೈದೆ..." ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು.

"ಅದಕ್ಕೇ ಅಷ್ಟೊಂದು ಬಿಕ್ಕಳಿಕೆ ಬರ್ತಿತ್ತು!"

ಅಳುವಿನ ನಡುವೆಯೇ ಅವಳಿಗೆ ನಗು ಬಂತು. "ಈಗ ನೀವು ನಮ್ಮಕ್ಕನ ಡಾಕ್ಟರ್ ಅಲ್ಲ ತಾನೆ?"

"ಅಲ್ಲ."

"ಮತ್ತೆ ಅಷ್ಟು ದೂರ ಯಾಕೆ ನಿಂತಿದ್ದೀರಿ?"

ಅವನು ಇಳಿದು ಬಂದ. ಅವಳು ಕೈ ಚಾಚಿದಳು.

"ಕೈ ತಣ್ಣಗಿದೆಯಲ್ರೀ ನಿಮ್ದು..." ಎಂದ ಅವನು.

"ಹಿಡ್ಕೊಳ್ಳಿ ಮತ್ತೆ, ಗಟ್ಟಿಯಾಗಿ."